ಆಶಾವಾದದ ಪಾಠ ಯಾರಿಗೆ?

ಬಡವರಲ್ಲಿ ಆಶಾವಾದವಿಲ್ಲ, ಅದಕ್ಕೇ ಅವರು ಮೇಲೇಳುತ್ತಿಲ್ಲ ಎಂಬ ಉಪದೇಶವನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಹಾಗಾದರೆ ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ವರ್ಷಾನುಗಟ್ಟಲೆ ಹೆದರಿ ದೂರ ಉಳಿದವರು ಯಾರು? ಕೂಲಿಕಾರರಲ್ಲ, ಮುಖ್ಯಮಂತ್ರಿಗಳು! 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯ ಹಲವು ಬಾರಿ ಇಲ್ಲಿಗೆ ಬಂದೂ ಐದು ವರ್ಷ ಪೂರೈಸಿ ಆ ಭಯವನ್ನು ಸುಳ್ಳಾಗಿಸಿದರು.

ಅತ್ತ ಗುಂಡ್ಲುಪೇಟೆಯ ರೈತ ಸಾಲ ತಂದು, ಮಳೆಯನ್ನೇ ನಂಬಿ ಸೂರ್ಯಕಾಂತಿ ಬಿತ್ತುತ್ತಾನೆ. ಮಳೆ ಕೈಕೊಟ್ಟರೂ ಮರುವರ್ಷ ಮತ್ತೆ ಬಿತ್ತುತ್ತಾನೆ. ಇದಕ್ಕಿಂತ ದೊಡ್ಡ ಆಶಾವಾದ ಬೇಕೆ? ಉಳ್ಳವನ ಲೆಕ್ಕ ತಪ್ಪಿದರೆ ಲಾಭ ತಗ್ಗುತ್ತದೆ. ಇವನ ಲೆಕ್ಕ ತಪ್ಪಿದರೆ ಹೊಲವೇ ಹೋಗುತ್ತದೆ.

2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ಪ್ರಾಣ ಬಿಟ್ಟರು. ಆ ಮನೆಗಳಿಗೆ ಹೋಗಿ ಯಾವ ಆಶಾವಾದ ಬೋಧಿಸುತ್ತೀರಿ? ಪಾಠ ಸಾಕು. ನಂಬಬಹುದಾದ ಆಸ್ಪತ್ರೆ, ಕೆರೆಗೆ ನೀರು, ಬೆಳೆಗೆ ಬೆಲೆ ಕೊಡಿ. ಭರವಸೆಯನ್ನು ಬಡವರೇ ತರುತ್ತಾರೆ.