ಆಕಾಶದ ಗಂಟೆ, ನೆಲದ ಗಂಟೆ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ಕುವೆಂಪು ವಿಮಾನ ನಿಲ್ದಾಣಕ್ಕೆ ನಕ್ಷೆಯ ಮೇಲೆ ಒಂದು ನೇರ ಗೆರೆ ಎಳೆದರೆ ಅದರ ಉದ್ದ ಸುಮಾರು 240 ಕಿಲೋಮೀಟರು. ಆ ಗೆರೆ ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರಿನ ಆಸುಪಾಸಿನಲ್ಲೇ ಹಾಯುತ್ತದೆ. ನಮ್ಮ ತೆಂಗಿನ ಸೀಮೆಗೆ ಈ ಪ್ರಗತಿಯಿಂದ ದಕ್ಕಿದ ಪಾಲು ಇಷ್ಟೇ: ನೆತ್ತಿಯ ಮೇಲಿನ ಸದ್ದು.

ಶಿವಮೊಗ್ಗದ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಬೆಂಗಳೂರಿನಿಂದ ಮೊದಲ ವಿಮಾನ ಆಗಸ್ಟ್ 31ರಂದು ಬಂದಿಳಿಯಿತು. ಕಾಗೋಡು ಸತ್ಯಾಗ್ರಹದ ಜಿಲ್ಲೆಗೆ ವಿಮಾನ ಬಂದಿತೆಂದು ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಸಾರ್ವಜನಿಕ ಹಣದ ಲೆಕ್ಕ ಕೇಳುವುದು ಶ್ರೀಸಾಮಾನ್ಯನ ಹಕ್ಕು.

ಮೊದಲು ಹೊತ್ತಿನ ಲೆಕ್ಕ ನೋಡೋಣ. ಈ ದಾರಿಗೆ ಬಳಸುವಂಥ ಸಣ್ಣ ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೋಮೀಟರು. ಹಾಗಾದರೆ ಅರ್ಧ ಗಂಟೆ ಸಾಕು. ಆದರೆ ನೆಲದ ಮೇಲೆ ಉರುಳುವುದು, ಏರುವುದು, ಸರದಿ ಕಾದು ಇಳಿಯುವುದು ಸೇರಿ ವೇಳಾಪಟ್ಟಿಯಲ್ಲಿ ಅದು ಒಂದು ಗಂಟೆಯನ್ನು ದಾಟುತ್ತದೆ. ಮೆಜೆಸ್ಟಿಕ್ಕಿನಿಂದ ದೇವನಹಳ್ಳಿಯ ಕಡೆಗೆ 35 ಕಿಲೋಮೀಟರಿಗೂ ಹೆಚ್ಚು ಪ್ರಯಾಣ, ಅಲ್ಲಿ ಒಂದೆರಡು ಗಂಟೆ ಮುಂಚಿತವಾಗಿ ಹಾಜರಿ, ಇಳಿದ ಮೇಲೆ ಸೋಗಾನೆಯಿಂದ ಊರಿಗೆ ಮತ್ತೊಂದು ಗಾಡಿ. ಎಲ್ಲವನ್ನೂ ಕೂಡಿದರೆ ನಾಲ್ಕು ಗಂಟೆ. ಜನಶತಾಬ್ದಿ ರೈಲು ಇದೇ ಊರಿಗೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ! ಉಳಿದದ್ದು ಅರ್ಧ ಗಂಟೆ. ಅದೂ ಟಿಕೆಟಿಗೆ ಸಾವಿರಾರು ರೂಪಾಯಿ ಕೊಡಬಲ್ಲವನಿಗೆ.

ಇನ್ನು ಹಣದ ಲೆಕ್ಕ. ಸಣ್ಣ ಊರುಗಳಿಗೆ ವಿಮಾನ ತರುತ್ತೇವೆಂದು ಕೇಂದ್ರ ಸರ್ಕಾರ 2016ರಲ್ಲಿ ಉಡಾನ್ ಯೋಜನೆ ಸಾರಿತು. ವಿಮಾನ ಕಂಪನಿಗಳ ನಷ್ಟ ತುಂಬಿಕೊಡುವ ಏರ್ಪಾಡೂ ಆಯಿತು. 2023ರ ಮಹಾಲೇಖಪಾಲರ ವರದಿ ಹೇಳಿದ್ದೇನು? ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷದ ಅವಧಿಯನ್ನು ಪೂರೈಸಿದವು 112 ಮಾತ್ರ.

ಕಂಪನಿಯ ನಷ್ಟಕ್ಕೆ ಕರಗುವ ಸರ್ಕಾರದ ಮನಸ್ಸು ನಮ್ಮ ನಷ್ಟಕ್ಕೆ ಏಕೆ ಕರಗುವುದಿಲ್ಲ? ಕೊಬ್ಬರಿ ಹದವಾಗಲು ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಬೇಕು. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದಾಗ ಮಾರುಕಟ್ಟೆಯ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಮರುವರ್ಷ ಖರೀದಿ ನೋಂದಣಿಗೆ ಬೆಳೆಗಾರರು ಸಾಲುಗಟ್ಟಿ ನಿಂತರು. ಬೆಳೆಗಾರನ ಕೈ ಬರಿದಾದರೆ ತಿಪಟೂರಿನ ಅಂಗಡಿಯ ಗಲ್ಲವೂ ಬರಿದು, ಮಿಲ್ಲಿನ ಕೂಲಿಯೂ ಕಡಿತ.

ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪಟ್ಟಣಗಳಿಗೆ ಇಂದಿಗೂ ರೈಲಿಲ್ಲ. ಅಲ್ಲಿಂದ ತಿಪಟೂರಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ರಾತ್ರಿ ಪಾಳಿ ಮುಗಿಸಿದ ಕೆಲಸಗಾರ ಬೆಳಗಿನ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ವಿಮಾನ ಶಿವಮೊಗ್ಗಕ್ಕೆ ಹೋಗಿ ಮರಳಬಹುದು. ಅವನ ಗಂಟೆಗೆ ಬೆಲೆಯಿಲ್ಲವೆ?

1963ರಲ್ಲಿ ಲೋಹಿಯಾ ಅವರು ಲೋಕಸಭೆಯಲ್ಲಿ ಬಡವನ ದಿನದ ಆದಾಯ ಮೂರಾಣೆಯೆಂದು ಲೆಕ್ಕ ಒಪ್ಪಿಸಿದರು. ಇಂದು ನಾವು ಗಂಟೆಗಳ ಲೆಕ್ಕ ಒಪ್ಪಿಸುತ್ತಿದ್ದೇವೆ. ಪಾಳಿಯ ಹೊತ್ತಿಗೆ ಹೊಂದುವ ಬಸ್ಸು, ರೈಲುಗಳಲ್ಲಿ ಹೆಚ್ಚಿನ ಸಾಮಾನ್ಯ ಬೋಗಿಗಳು, ದರ ಕುಸಿದೊಡನೆ ತೆರೆಯುವ ಖರೀದಿ ಕೇಂದ್ರ: ಇವು ನಮ್ಮ ಬೇಡಿಕೆ. ಮೂರು ತಾಲ್ಲೂಕಿನ ಕೆಲಸಗಾರರೂ ವರ್ತಕರೂ ಒಂದಾಗಿ ಕೇಳಿದರೆ ಈ ದನಿ ವಿಮಾನದ ಸದ್ದಿನಲ್ಲಿ ಅಡಗಲಾರದು.