ಗಾಳ ಕಲಿಯುವವನಿಗೆ ಯಾವ ಪುಸ್ತಕ?

ಬೆಳಕಿನ ವಕ್ರೀಭವನವನ್ನು ಕುರಿತ ಪಾಠವನ್ನು ಮುಗಿಸಿ ತರಗತಿಯಿಂದ ಹೊರಬರುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಹಿಂದೆಯೇ ಬಂದು, “ಸಾರ್, ನೀರಿನಲ್ಲಿರುವ ಮೀನು ಅದು ಇದ್ದ ಜಾಗದಲ್ಲಿ ನಮಗೆ ಕಾಣುವುದಿಲ್ಲ ಎಂದಿರಿ. ಹಾಗಾದರೆ ದಡದ ಮೇಲೆ ನಿಂತ ನಾವು ಮೀನಿಗೆ ಹೇಗೆ ಕಾಣುತ್ತೇವೆ?” ಎಂದು ಕೇಳಿದನು. ಪಠ್ಯಪುಸ್ತಕದಲ್ಲಿ ಇಲ್ಲದ ಪ್ರಶ್ನೆ. ಅದು ಹೇಗೆ ಹೊಳೆಯಿತೆಂದು ವಿಚಾರಿಸಲು, ಅವನಿಗೆ ಗಾಳದ ಹವ್ಯಾಸ ಹತ್ತಿದೆಯೆಂದೂ, ಅದರಲ್ಲಿಯೂ ಇಂಗ್ಲಿಷಿನವರು ಫ್ಲೈ ಫಿಷಿಂಗ್ ಎಂದು ಕರೆಯುವ ವಿದ್ಯೆಯನ್ನು ಮೊದಲಿನಿಂದ ಕಲಿಯುವ ಆಸೆಯಿದೆಯೆಂದೂ ತಿಳಿಯಿತು. “ಒಳ್ಳೆಯ ಪುಸ್ತಕ ಯಾವುದಾದರೂ ಇದ್ದರೆ ಹೇಳಿ, ಸಾರ್” ಎಂದನು. ನನಗೆ ಒಡನೆ ಉತ್ತರ ತೋಚಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದಾಗ ಕಂಡುಕೊಂಡ ಕೆಲವು ವಿಚಾರಗಳನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ನಮ್ಮ ಕೆರೆ ಹೊಳೆಗಳ ದಡದಲ್ಲಿ ಕಾಣುವ ಗಾಳವನ್ನು ಎಲ್ಲರೂ ಬಲ್ಲರು. ಒಂದು ಬಿದಿರಿನ ಕೋಲು, ದಾರ, ತೇಲುವ ಬೆಂಡು, ಕೊಕ್ಕೆಗೆ ಚುಚ್ಚಿದ ಎರೆಹುಳು. ನಾನು ಹೇಳುವ ವಿದ್ಯೆಯಲ್ಲಿ ಎರೆಹುಳುವಿಲ್ಲ. ಕೊಕ್ಕೆಯ ಸುತ್ತ ಪುಕ್ಕವನ್ನೂ ನೂಲನ್ನೂ ಬಿಗಿದು ಹುಳುವಿನಂತೆಯೋ ನೊಣದಂತೆಯೋ ಕಾಣುವ ಹಾಗೆ ಮಾಡಿ, ಅದನ್ನು ನೀರಿನ ಮೇಲೆ ಹಗುರವಾಗಿ ಇಳಿಸಬೇಕು. ಇದನ್ನು ನಾವು ‘ನೊಣಗಾಳ’ವೆಂದು ಕರೆಯೋಣ.

ನಾನಿರುವುದು ಕಲಾಸಿಪಾಳ್ಯದಲ್ಲಿ. ಲಾರಿ ಕಚೇರಿಗಳನ್ನೂ ಮಾರುಕಟ್ಟೆಯ ಗದ್ದಲವನ್ನೂ ದಾಟಿ ಸ್ವಲ್ಪ ನಡೆದರೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ಸಾಲು ಸಿಗುತ್ತದೆ. ಪರೀಕ್ಷೆಯ ಮಾರ್ಗದರ್ಶಿಗಳ ರಾಶಿಯ ಅಡಿಯಲ್ಲಿ, ರಟ್ಟು ಕಳಚಿಹೋಗಿದ್ದ ಒಂದು ಇಂಗ್ಲಿಷ್ ಪುಸ್ತಕ ದೊರೆಯಿತು. ಅದರಲ್ಲಿ ಇದ್ದುದೆಲ್ಲ ತಣ್ಣೀರಿನ ಹೊಳೆಗಳು, ಟ್ರೌಟ್ ಮೀನು, ಮೇ ತಿಂಗಳಲ್ಲಿ ಅಲ್ಲಿ ಹುಟ್ಟುವ ಕೀಟಗಳು. ನಮ್ಮ ಮೇ ತಿಂಗಳಲ್ಲಾದರೋ ಹೊಳೆ ಬಂಡೆಗಳ ನಡುವೆ ಬಡಕಲಾಗಿ ಹರಿಯುತ್ತಿರುತ್ತದೆ. ಎಸೆತವನ್ನು ಕಲಿಸುವ ಅಧ್ಯಾಯದಲ್ಲಿ ಕೋಲನ್ನು ಗಡಿಯಾರದ ಮುಳ್ಳಿಗೆ ಹೋಲಿಸಿ, ಹತ್ತು ಗಂಟೆಯಿಂದ ಒಂದು ಗಂಟೆಯವರೆಗೆ ಆಡಿಸಬೇಕೆಂದು ಚಿತ್ರ ಬರೆದಿತ್ತು. ಮನೆಯ ಮಹಡಿಯ ಮೇಲೆ ನಿಂತು ಹಾಗೆಯೇ ಮಾಡಿದೆ. ದಾರ ಮೊದಲು ನನ್ನ ಕೊರಳಿಗೂ ಅನಂತರ ಪಕ್ಕದ ಮನೆಯವರು ಬಟ್ಟೆ ಹರವಿದ್ದ ಹಗ್ಗಕ್ಕೂ ಸುತ್ತಿಕೊಂಡಿತು. ಪುಸ್ತಕವು ಏನು ಮಾಡಬೇಕೆಂದು ಹೇಳಿತ್ತು. ಏಕೆ ಎಂದು ಹೇಳಿರಲಿಲ್ಲ.

ಆದ್ದರಿಂದ ಒಳ್ಳೆಯ ಪುಸ್ತಕಕ್ಕೆ ನಾನು ಇಡುವ ಮೊದಲನೆಯ ಪರೀಕ್ಷೆ ಇದು: ಅದು ಕಾರಣವನ್ನು ಹೇಳುತ್ತದೆಯೇ?

ಕಾರಣ ಕಷ್ಟವಾದುದೇನೂ ಅಲ್ಲ. ಕಲ್ಲನ್ನು ಎಸೆದರೆ ದೂರ ಹೋಗುತ್ತದೆ. ಪುಕ್ಕವನ್ನು ಎಸೆದರೆ ಕಾಲಬುಡದಲ್ಲಿಯೇ ಬೀಳುತ್ತದೆ. ಪುಕ್ಕದ ತೂಕ ಕಡಿಮೆ, ಗಾಳಿಯ ತಡೆ ಹೆಚ್ಚು. ಸಾಮಾನ್ಯ ಗಾಳದಲ್ಲಿ ತುದಿಗೆ ಕಟ್ಟಿದ ಭಾರವು ದಾರವನ್ನು ಎಳೆದುಕೊಂಡು ಹೋಗುತ್ತದೆ. ನೊಣಗಾಳದಲ್ಲಿ ಇದು ತಿರುವುಮುರುವು. ಭಾರವಿರುವುದು ದಾರದಲ್ಲಿ, ಅದು ನೊಣವನ್ನು ಒಯ್ಯುತ್ತದೆ. ಇದಕ್ಕೆಂದೇ ತಯಾರಿಸುವ ಆರನೆಯ ಸಂಖ್ಯೆಯ ದಾರದ ಮೊದಲ 30 ಅಡಿಗಳ ತೂಕ ಸುಮಾರು 10.4 ಗ್ರಾಂ. ಕೋಲನ್ನು ಮುಂದಕ್ಕೆ ಬೀಸಿ ಥಟ್ಟನೆ ನಿಲ್ಲಿಸಿದಾಗ ದಾರವು ಮಡಿಕೆಯಾಗಿ ಉರುಳುತ್ತ ಬಿಚ್ಚಿಕೊಳ್ಳುತ್ತದೆ. ಮಡಿಕೆಯ ಕೆಳಭಾಗ ನಿಂತುಹೋಗುತ್ತದೆ. ಮೇಲ್ಭಾಗ ಮಾತ್ರ ಚಲಿಸುತ್ತ ಗಳಿಗೆ ಗಳಿಗೆಗೂ ಚಿಕ್ಕದಾಗುತ್ತದೆ. ಚಲನಶಕ್ತಿಯು ಕಿರಿದಾಗುತ್ತಿರುವ ಆ ಭಾಗದಲ್ಲಿ ಒತ್ತರಿಸುವುದರಿಂದ, ಗಾಳಿಯ ತಡೆಯಿದ್ದರೂ ಕೊನೆಯವರೆಗೆ ವೇಗ ಉಳಿಯುತ್ತದೆ. ರೈತನ ಬಾರುಕೋಲಿನ ತುದಿ ಛಟೀರೆಂದು ಸಿಡಿಯುವುದಕ್ಕೂ ಇದೇ ಮೂಲ. ಇಷ್ಟು ತಿಳಿದ ಮೇಲೆ ಗಡಿಯಾರದ ಚಿತ್ರದ ಅರ್ಥ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಹಿಂದಕ್ಕೆ ಬೀಸಿದ ದಾರ ಪೂರ್ತಿ ನೆಟ್ಟಗಾಗುವವರೆಗೆ ಕಾಯಬೇಕು. ಸಡಿಲವಾದ ದಾರವನ್ನು ಎಳೆದರೆ ಕೋಲು ಬಾಗುವುದಿಲ್ಲ. ನಾನು ಕಾಯದೆ ಇದ್ದುದೇ ಕೊರಳಿಗೆ ಬಿದ್ದ ಉರುಳಿಗೆ ಕಾರಣ.

ಅಷ್ಟು ದೂರ ಎಸೆಯುವ ಅವಶ್ಯಕತೆಯಾದರೂ ಏನು? ಇಲ್ಲಿ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ನೀರಿನ ವಕ್ರೀಭವನಾಂಕ 1.33. ಆದ್ದರಿಂದ ಅದರ ಸಂದಿಗ್ಧ ಕೋನ ಸುಮಾರು 49 ಡಿಗ್ರಿ. ಮೀನಿಗೆ ಹೊರಗಿನ ಲೋಕವೆಲ್ಲವೂ ತಲೆಯ ಮೇಲಿನ ಒಂದು ದುಂಡು ಕಿಟಕಿಯ ಮೂಲಕ ಮಾತ್ರ ಕಾಣುತ್ತದೆ. ಮೀನು ಒಂದು ಮೀಟರು ಆಳದಲ್ಲಿದ್ದರೆ ಆ ಕಿಟಕಿಯ ವ್ಯಾಸ ಸುಮಾರು 2.3 ಮೀಟರು. ಅದರಾಚೆಗೆ ನೀರಿನ ಮೇಲ್ಮೈಯು ಕನ್ನಡಿಯಂತೆ ಹೊಳೆಯ ತಳವನ್ನೇ ಪ್ರತಿಫಲಿಸುತ್ತದೆ. ಕಿಟಕಿಯ ಅಂಚಿನಲ್ಲಿ ನೋಟ ವಿಪರೀತವಾಗಿ ಕುಗ್ಗಿರುತ್ತದೆ. ಹತ್ತು ಮೀಟರು ದೂರದಲ್ಲಿ ನಿಂತ ಮನುಷ್ಯ ನೀರಿನ ಮಟ್ಟದಿಂದ ಸುಮಾರು 10 ಡಿಗ್ರಿ ಎತ್ತರಕ್ಕೆ ಬರುತ್ತಾನೆ. ಮೀನಿನ ಕಣ್ಣಿಗೆ ಅವನೆಲ್ಲ ಎತ್ತರವೂ ಒಂದು ಡಿಗ್ರಿಯೊಳಗೆ ಅಡಗಿಬಿಡುತ್ತದೆ. ಅವನೇ ಮೂರು ಮೀಟರು ಸಮೀಪಕ್ಕೆ ಬಂದನೆಂದರೆ ಸುಮಾರು 8 ಡಿಗ್ರಿಯಷ್ಟು ದೊಡ್ಡವನಾಗುತ್ತಾನೆ, ಮೀನು ಓಡುತ್ತದೆ. ದೂರ ನಿಲ್ಲಬೇಕು, ಬಗ್ಗಿ ನಡೆಯಬೇಕು ಎಂದು ಹಳೆಯ ಬೆಸ್ತರು ಹೇಳುವ ಬುದ್ಧಿಮಾತು ವಕ್ರೀಭವನದ ನಿಯಮವೇ ಆಗಿದೆ.

ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಪುಸ್ತಕಗಳು ಇಂಗ್ಲಿಷಿನಲ್ಲಿ ಇಲ್ಲದಿಲ್ಲ. ಅಮೆರಿಕದ ಜೋನ್ ವುಲ್ಫ್ ಎಂಬಾಕೆ 1987ರಲ್ಲಿ ಪ್ರಕಟಿಸಿದ ‘ಫ್ಲೈ ಕಾಸ್ಟಿಂಗ್ ಟೆಕ್ನಿಕ್ಸ್’ ಎಸೆತವನ್ನು ಭಾಗಭಾಗವಾಗಿ ಬಿಡಿಸಿ ತಿಳಿಸುತ್ತದೆ. ಮೀನಿನ ಕಿಟಕಿಯ ವಿಚಾರಕ್ಕೆ ವಿನ್ಸೆಂಟ್ ಮರಿನಾರೊ ಬರೆದ ‘ಇನ್ ದ ರಿಂಗ್ ಆಫ್ ದ ರೈಸ್’ (1976) ಒಳ್ಳೆಯದು. ತೀರ ಹೊಸಬರಿಗೆ ಷೆರಿಡನ್ ಆಂಡರ್ಸನ್ನನ ವಿನೋದಚಿತ್ರಗಳ ಕಿರುಪುಸ್ತಕ ‘ದ ಕರ್ಟಿಸ್ ಕ್ರೀಕ್ ಮ್ಯಾನಿಫೆಸ್ಟೊ’ ಸಾಕು. ಮೊದಲು ತೆಳುವಾದುದನ್ನು ಓದಿ, ಎಸೆತವನ್ನು ಅಭ್ಯಾಸ ಮಾಡಿ, ಅನಂತರ ದಪ್ಪನೆಯದಕ್ಕೆ ಕೈ ಹಾಕುವುದು ಮೇಲು.

ಎರಡನೆಯ ಪರೀಕ್ಷೆ ಇನ್ನೂ ಕಠಿಣವಾದುದು: ಪುಸ್ತಕವು ನಮ್ಮ ನೀರನ್ನು ಬಲ್ಲುದೇ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಅಚ್ಚರಿಯೊಂದು ಕಾದಿತ್ತು. ಇಂಗ್ಲಿಷರು ತಮ್ಮ ಗಾಳದ ಸಾಹಿತ್ಯವನ್ನು 1496ರಲ್ಲಿ ಅಚ್ಚಾದ ಒಂದು ಪ್ರಬಂಧದಿಂದ ಎಣಿಸುತ್ತಾರೆ. ಐಸಾಕ್ ವಾಲ್ಟನ್ನನ ಸುಪ್ರಸಿದ್ಧ ಗ್ರಂಥ ಬಂದುದು 1653ರಲ್ಲಿ. ಆದರೆ ಹನ್ನೆರಡನೆಯ ಶತಮಾನದಲ್ಲಿಯೇ, ಕಲ್ಯಾಣದಲ್ಲಿ ರಾಜ್ಯವಾಳುತ್ತಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವೇ ಉಂಟು. ಮೀನುಗಳ ಜಾತಿ, ಯಾವ ಮೀನಿಗೆ ಯಾವ ಆಹಾರ, ದಾರ, ಕೋಲು, ಕೊಕ್ಕೆ, ಹಿಡಿಯುವ ಕ್ರಮ ಇವೆಲ್ಲವೂ ಅಲ್ಲಿ ಬಂದಿವೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಲೇಖನ ಬರೆದು ವಿದ್ವಾಂಸರ ಗಮನಕ್ಕೆ ತಂದರು. ಅನಂತರದ ದೊಡ್ಡ ಗ್ರಂಥ ‘ದ ರಾಡ್ ಇನ್ ಇಂಡಿಯಾ’. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ಈ ಪುಸ್ತಕ 1873ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಹೀಗೆ ನಮ್ಮ ನಾಡಿನ ನೀರನ್ನು ಕಂಡು ಬರೆದ ಎರಡು ಗ್ರಂಥಗಳಲ್ಲಿ ಒಂದು ಸಂಸ್ಕೃತದಲ್ಲಿದೆ, ಇನ್ನೊಂದು ಇಂಗ್ಲಿಷಿನಲ್ಲಿದೆ. ಪ್ರೌಢಶಾಲೆಯ ಹುಡುಗನ ಕೈಗೆ ಕೊಡಬಹುದಾದ ಅಂಥ ಕನ್ನಡ ಕೈಪಿಡಿಯನ್ನು ನಾನು ಕಾಣೆ.

ಇದರಿಂದ ನಷ್ಟವೇನೆಂದು ಕೆಲವರು ಕೇಳಬಹುದು. ನಷ್ಟಕ್ಕೆ ಒಂದು ನಿದರ್ಶನವನ್ನು ಕೊಡುತ್ತೇನೆ. ಕಾವೇರಿಯಲ್ಲಿ ಗೂನುಬೆನ್ನಿನ, ಕಿತ್ತಳೆ ಬಣ್ಣದ ಬಾಲದ ಮಹಶೀರ್ ಮೀನೊಂದುಂಟು. ಮಹಶೀರನ್ನು ನಮ್ಮ ಹೊಳೆದಡದವರು ಬಿಳಿಮೀನು ಎನ್ನುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರಿನ ತೂಕ 120 ಪೌಂಡು, ಎಂದರೆ 54 ಕಿಲೋಗ್ರಾಂ. ಇಂಥ ಮೀನನ್ನು ಹಿಡಿಯಲು ಪರದೇಶಗಳಿಂದ ಜನ ಬಂದರು, ಛಾಯಾಚಿತ್ರ ತೆಗೆಸಿಕೊಂಡರು. ಆದರೂ ಗೂನುಬೆನ್ನಿನ ಈ ಮೀನಿಗೆ ಸಲ್ಲುವ ವೈಜ್ಞಾನಿಕ ಹೆಸರು ಯಾವುದೆಂಬುದು ಇತ್ಯರ್ಥವಾದುದು 2018ರಲ್ಲಿ! ಕೇರಳದ ಪಾಂಬಾರಿನ ಮರಿಮೀನುಗಳಿಂದ 2007ರಲ್ಲಿ ವಿವರಿಸಲಾಗಿದ್ದ ‘ಟಾರ್ ರೆಮಾದೇವಿ’ಯೇ ಇದೆಂದು ಆಗ ಗೊತ್ತಾಯಿತು. ಅದೇ ವರ್ಷ ಅದನ್ನು ಅಳಿವಿನ ತೀರ ಸಮೀಪದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಇದರ ನಡುವೆ, ಮಹಶೀರನ್ನು ಉಳಿಸುವ ಸದುದ್ದೇಶದಿಂದಲೇ, ಮರಿಕೇಂದ್ರಗಳಲ್ಲಿ ಬೆಳೆಸಿದ ನೀಲಿರೆಕ್ಕೆಯ ಬೇರೊಂದು ಜಾತಿಯ ಮಹಶೀರನ್ನು ಕಾವೇರಿಗೆ ಬಿಟ್ಟಿದ್ದರು. ಎರಡೂ ಒಂದೇ ಎಂದೆಣಿಸಿದವರಿಗೆ ಒಂದು ಹೆಚ್ಚುತ್ತ ಇನ್ನೊಂದು ಕುಗ್ಗುತ್ತಿರುವುದು ಕಾಣುವ ಬಗೆ ಹೇಗೆ?

ಆ ವ್ಯತ್ಯಾಸವನ್ನು ಕೊನೆಗೆ ತೋರಿಸಿಕೊಟ್ಟುದು ಗಾಳದವರ ದಿನಚರಿ. ಸಂಗಮದ ಸಮೀಪದ ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ, ಹಿಡಿದು ಮತ್ತೆ ನೀರಿಗೆ ಬಿಟ್ಟ ಮಹಶೀರುಗಳ ಲೆಕ್ಕವನ್ನು ಬರೆದಿಟ್ಟಿದ್ದರು. ಆರು ಸಾವಿರಕ್ಕೂ ಮಿಕ್ಕ ಮೀನುಗಳ ಆ ದಾಖಲೆಯನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ಗೂನುಬೆನ್ನಿನ ಮೀನು ವರ್ಷದಿಂದ ವರ್ಷಕ್ಕೆ ಇಳಿಮುಖವಾಗಿ ನೀಲಿರೆಕ್ಕೆಯದು ಏರಿದ್ದುದು ಸ್ಪಷ್ಟವಾಯಿತು. ವಿನೋದಕ್ಕೆ ಬಂದವರು ಬರೆದ ಸಾಲುಗಳು ವಿಜ್ಞಾನಕ್ಕೆ ಸಾಕ್ಷಿಯಾದುವು. ಗಾಳ ಕಲಿಸುವ ಪುಸ್ತಕವು ತಾರೀಖು, ಸ್ಥಳ, ಮೀನಿನ ಉದ್ದ, ರೆಕ್ಕೆಯ ಬಣ್ಣ ಇವನ್ನು ಬರೆದಿಡುವುದನ್ನು ಕಲಿಸದಿದ್ದರೆ ಅದು ಅರ್ಧ ಪುಸ್ತಕವೆಂದೇ ನನ್ನ ಅಭಿಪ್ರಾಯ.

ಮೂರನೆಯ ಪರೀಕ್ಷೆ: ಮೀನಿನ ಗತಿ ಏನಾಗುತ್ತದೆಂಬುದನ್ನು ಪುಸ್ತಕವು ಹೇಳುತ್ತದೆಯೇ? ಗಾಳವೆಂದರೆ ಹಿಂಸೆಯಲ್ಲವೇ ಎಂದು ನಮ್ಮ ಮನೆಯಲ್ಲಿಯೇ ಆಕ್ಷೇಪವೆದ್ದಿತು. ಕೊಕ್ಕೆ ನೋಯಿಸುವುದಿಲ್ಲವೆಂದು ವಾದಿಸಲು ನನಗೆ ಬಾಯಿಲ್ಲ. ಹೊಟ್ಟೆಪಾಡಿಗಾಗಿ ಮೀನು ಹಿಡಿಯುವವನ ಮಾತು ಬೇರೆ. ವಿನೋದಕ್ಕಾಗಿ ಹಿಡಿಯುವವನಿಗೆ ಹೊಣೆ ಹೆಚ್ಚು. ಮುಳ್ಳಿಲ್ಲದ ಕೊಕ್ಕೆಯನ್ನು ಬಳಸುವುದು, ಕೈಯನ್ನು ಒದ್ದೆ ಮಾಡಿಕೊಂಡೇ ಮೀನನ್ನು ಮುಟ್ಟುವುದು, ಅದನ್ನು ನೀರಿನಿಂದ ಮೇಲೆತ್ತದೆ ಬಿಡಿಸಿ ಕಳುಹಿಸುವುದು, ಇವನ್ನು ಕೊನೆಯ ಪುಟದ ಟಿಪ್ಪಣಿಯಾಗಿ ಅಲ್ಲ, ಮೊದಲನೆಯ ಅಧ್ಯಾಯದಲ್ಲಿಯೇ ಹೇಳಬೇಕು. ವನ್ಯಧಾಮಗಳಲ್ಲಿ ಮೀನು ಹಿಡಿಯುವುದಕ್ಕೆ ಕಾನೂನಿನ ನಿರ್ಬಂಧವುಂಟು. ಬೇರೆಡೆಯೂ ಅನುಮತಿಯನ್ನು ವಿಚಾರಿಸಿಯೇ ಇಳಿಯಬೇಕು. ಯಾವ ಮೀನಿಗೂ ನೋವು ಮಾಡಲೊಲ್ಲದವರು ಕೋಲಿನ ತುದಿಗೆ ಉಣ್ಣೆಯ ದಪ್ಪ ನೂಲನ್ನು ಕಟ್ಟಿ ಮಹಡಿಯ ಮೇಲೆ ಎಸೆದು ನೋಡಲಿ. ನಾನು ಈಗಲೂ ಮಾಡುತ್ತಿರುವುದು ಅದನ್ನೇ. ಭೌತವಿಜ್ಞಾನಕ್ಕೆ ಕೊಕ್ಕೆಯ ಅಗತ್ಯವಿಲ್ಲ.

ಕನ್ನಡದಲ್ಲಿ ಇಂಥ ಪುಸ್ತಕ ಸಾಧ್ಯವೇ ಎಂಬ ಶಂಕೆ ಬೇಡ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಗಿಡಮರಗಳನ್ನು ನಮ್ಮ ನೆಂಟರನ್ನಾಗಿ ಮಾಡಿತು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳನ್ನು ಕುರಿತು ಬರೆದರು. ಗಾಳ ಹಿಡಿದು ಹೊಳೆಯ ದಡದಲ್ಲಿ ಕುಳಿತೂ ಬಲ್ಲವರವರು. ಗಿಡಕ್ಕೆ, ಹಕ್ಕಿಗೆ ಒದಗಿದ ಭಾಗ್ಯ ನಮ್ಮ ಹೊಳೆಯ ಮೀನಿಗೂ, ಆ ಮೀನು ತಿನ್ನುವ ಹುಳುವಿಗೂ ಒದಗಬೇಕು. ನೂರು ಪುಟಗಳ ಪುಸ್ತಕ ಸಾಕು. ಎಸೆತಕ್ಕೆ ಒಂದು ಅಧ್ಯಾಯ, ಮೀನಿನ ಕಣ್ಣಿಗೆ ಒಂದು, ಕಾವೇರಿ ತುಂಗಭದ್ರೆಗಳ ಮೀನುಗಳಿಗೆ ಎರಡು, ಕಲ್ಲಿನಡಿಯ ಕೀಟಗಳಿಗೆ ಒಂದು, ಬೆಸ್ತರು ಬಳಸುವ ಹೆಸರುಗಳಿಗೆ ಒಂದು. ಈ ಕಡೆಯ ಅಧ್ಯಾಯಕ್ಕೆ ಅವಸರವುಂಟು. ಹೆಸರುಗಳನ್ನು ಬಲ್ಲ ಮುದುಕರು ನಮಗಾಗಿ ಕಾದಿರುವುದಿಲ್ಲ. ನೀರೂ ಕಾದಿರುವುದಿಲ್ಲ. ನಮ್ಮ ಮನೆಗೆ ಕೂಗಳತೆಯಲ್ಲಿರುವ ಕೃಷ್ಣರಾಜೇಂದ್ರ ಮಾರುಕಟ್ಟೆ ಒಂದು ಕಾಲಕ್ಕೆ ಸಿದ್ಧಿಕಟ್ಟೆಯೆಂಬ ಕೆರೆಯಿದ್ದ ನೆಲ. ಅದರಲ್ಲಿ ಯಾವ ಮೀನುಗಳಿದ್ದುವೆಂದು ಇಂದು ಹೇಳಬಲ್ಲವರನ್ನು ನಾನು ಕಂಡಿಲ್ಲ.

ನನ್ನ ವಿದ್ಯಾರ್ಥಿಗೆ ಕೊನೆಗೆ ಆಂಡರ್ಸನ್ನನ ಕಿರುಪುಸ್ತಕದ ಹೆಸರನ್ನೂ, ವುಲ್ಫ್ ಪುಸ್ತಕದ ಹೆಸರನ್ನೂ ಬರೆದುಕೊಟ್ಟೆ. ಜೊತೆಗೆ ಗೆರೆ ಹಾಕಿದ ಖಾಲಿ ನೋಟುಪುಸ್ತಕವೊಂದನ್ನು ಕೈಗಿತ್ತೆ. “ಇದರಲ್ಲಿ ಏನೂ ಇಲ್ಲವಲ್ಲ, ಸಾರ್” ಎಂದನು. “ಮುಂದಿನ ಭಾನುವಾರ ಹೊಳೆಯ ಹತ್ತಿರ ಹೋದಾಗ ಮೊದಲನೆಯ ಪುಟ ಬರೆ. ಮೀನು ಸಿಕ್ಕದಿದ್ದರೂ ಬರೆ” ಎಂದೆ. ಮೂರು ವಾರ ಕಳೆದು ತಂದು ತೋರಿಸಿದನು. ನಾಲ್ಕು ಪುಟ ತುಂಬಿದ್ದುವು. ಮೀನು ಒಂದೂ ಇರಲಿಲ್ಲ. ಕಲ್ಲಿನಡಿ ಕಂಡ ಆರು ಬಗೆಯ ಹುಳುಗಳ ಚಿತ್ರಗಳೂ, ಅವುಗಳಲ್ಲಿ ಎರಡಕ್ಕೆ ಅಲ್ಲಿನ ಅಜ್ಜನೊಬ್ಬರು ಹೇಳಿದ ಹೆಸರುಗಳೂ ಇದ್ದುವು. ಉಳಿದ ನಾಲ್ಕಕ್ಕೆ ಹೆಸರು ಕೇಳಲು ಮತ್ತೊಮ್ಮೆ ಹೋಗುವುದಾಗಿ ಹೇಳಿದನು.