ಜಿಲ್ಲೆ ಒಂದು, ಕ್ಷೇತ್ರ ಎರಡು

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಮರುವರ್ಷ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆ ಅದನ್ನು ಸೀಳಿತು. ಶಿಡ್ಲಘಟ್ಟ, ಚಿಂತಾಮಣಿಗಳು ಕೋಲಾರ ಲೋಕಸಭಾ ಕ್ಷೇತ್ರದಲ್ಲಿ ಉಳಿದವು. ನಮ್ಮ ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರಗಳಿಗೆ ಜೊತೆಯಾಗಿ ದೊರೆತವು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಯಲಹಂಕ. ಎಂಟರಲ್ಲಿ ಐದು ಜಿಲ್ಲೆಯ ಹೊರಗಿನವು!

2004ರ ಫೆಬ್ರವರಿ 15ರಂದು ಇದ್ದ ಆಡಳಿತ ಗಡಿಗಳನ್ನೇ ಆಯೋಗವು ಪರಿಗಣಿಸಿತೆಂಬುದು ಸಮಜಾಯಿಷಿ. ನಿಯಮವಿರಬಹುದು, ನ್ಯಾಯವಲ್ಲ. ಸಾವಿರ ಅಡಿ ಕೊರೆಸಿದರೂ ನೀರು ಕಾಣದ ನಮ್ಮ ರೈತನಿಗೂ ಯಲಹಂಕದ ಬಡಾವಣೆಗಳಿಗೂ ಒಬ್ಬರೇ ಸಂಸದರು. ಅದೇ ಬರವನ್ನು ಉಣ್ಣುವ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನಿಗೆ ಬೇರೊಬ್ಬರು. ನೀರಾವರಿಯ ಅಹವಾಲನ್ನು ಜಿಲ್ಲೆ ಒಂದೇ ದನಿಯಲ್ಲಿ ದೆಹಲಿಗೆ ಮುಟ್ಟಿಸುವುದಾದರೂ ಹೇಗೆ?

ಮುಂದಿನ ಪುನರ್ವಿಂಗಡಣೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಿರಿ, ವಿದ್ಯಾರ್ಥಿಗಳೇ. ನಕ್ಷೆ ಓದುವುದನ್ನು ನಿಮಗೆ ಕಲಿಸಿದ್ದೇನೆ.